ಉಪ್ಪುನೀರು ಕುಡಿದ ಜೋಳ

ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗಿನ ಆ ಗಾಜಿನಮನೆ ನೆನಪಾದರೆ ಈಗಲೂ ಮೈ ಬೆವರುತ್ತದೆ, ಆದರೂ ಮನಸ್ಸು ಅಲ್ಲಿಗೇ ಓಡುತ್ತದೆ. ಕುಂಡಗಳ ತುಂಬ ಜೋಳದ ಸಸಿ. ದಿನವೂ ಉಪ್ಪುನೀರು ಹಾಕಿ, ಯಾವ ತಳಿ ತಡೆದುಕೊಳ್ಳುತ್ತದೆಂದು ನೋಡುವುದೇ ನನ್ನ ಪಿಎಚ್‌ಡಿ. ನೀರು ಹಾಕಲು ಬರುತ್ತಿದ್ದವಳು ಸಿಂಧನೂರು ಕಡೆಯ ಅಕ್ಕ. ಗಂಡ ಶಂಶಾಬಾದಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಸುತ್ತೆಲ್ಲ ತೆಲುಗು, ಹಿಂದಿ, ಕನ್ನಡ ನಮ್ಮಿಬ್ಬರಿಗಷ್ಟೇ. ಮಧ್ಯಾಹ್ನ ಮೆಸ್ಸಿನ ಡಬ್ಬಿ ಪಕ್ಕಕ್ಕಿಟ್ಟು ಅವಳ ರೊಟ್ಟಿ, ಪುಂಡಿಪಲ್ಯಕ್ಕೆ ಕೈಚಾಚುತ್ತಿದ್ದೆ. ಆಹಾ, ಎಂಥ ರುಚಿ!

ಒಂದು ಸೋಮವಾರ ಬಂದು ನೋಡಿದರೆ, ಬಾಡಿದ್ದ ಸಸಿಗಳೆಲ್ಲ ತಲೆಯೆತ್ತಿ ನಿಂತಿವೆ.

“ಏನ್ ಮಾಡಿದಿ ಅಕ್ಕಾ?”

“ನೋಡಾಕ ಆಗಲಿಲ್ರಿ ಮೇಡಮ್ಮಾರ. ಎರಡು ದಿನ ಸಿಹಿನೀರು ಹಾಕೀನಿ. ಉಪ್ಪು ಕುಡಿಸಿ ಕೊಂದ್ರ ಪಾಪ ಹತ್ತತೈತ್ರಿ.”

ಒಂದು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. “ನಿನ್ನ ಪಾಪ-ಪುಣ್ಯಕ್ಕ ಬೆಂಕಿ ಹತ್ತಲಿ!” ಎಂದು ಕೂಗಾಡಿದೆ. ನನ್ನ ಬಾಯಿ ಮೊದಲೇ ಜೋರು. ಅವಳು ಅತ್ತುಬಿಟ್ಟಳು. ಆಮೇಲೆ ನನಗೇ ಕೆಟ್ಟೆನಿಸಿ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದೆ.

ಎರಡು ತಳಿಯ ಎಲೆ ಅರೆದು, ಗಾಯ ತೊಳೆಯುವ ಪೆರಾಕ್ಸೈಡ್ ಹನಿಸಿದೆ. ಒಂದರಲ್ಲಿ ನೊರೆ ಅಷ್ಟಕ್ಕಷ್ಟೇ. ಇನ್ನೊಂದರಲ್ಲಿ ಉಕ್ಕಿ ಬಂತು.

“ಉಪ್ಪು ಹೆಚ್ಚಾದ್ರ ಗಿಡದೊಳಗ ಇಂಥಾ ವಿಷ ಹುಟ್ಟತೈತಿ, ಎಲಿ ಸುಡತೈತಿ. ನೊರಿ ಉಕ್ಕಿದ ಈ ತಳಿ ಅದನ್ನ ತಾನೇ ಮುರೀತೈತಿ ನೋಡು. ಇದಕ್ಕ ಆಂಟಿಆಕ್ಸಿಡೆಂಟ್ ಶಕ್ತಿ ಅಂತಾರ. ಉಪ್ಪು ಹಾಕದೆ ಯಾವುದು ಗಟ್ಟಿ ಅಂತ ಹೆಂಗ ತಿಳೀಬೇಕು?”

ಅವಳು ನೊರೆಯನ್ನೇ ನೋಡುತ್ತ ನಿಂತಳು. “ಕಾಲುವಿ ನೀರು ನಿಂತು ನಮ್ಮ ಎರಡು ಎಕರೆ ಸವಳಾಗೇತ್ರಿ, ಮಣ್ಣಾಗ ಬರೇ ಉಪ್ಪು. ಏನೂ ಬೆಳಿಯಂಗಿಲ್ಲ, ಅದಕ್ಕ ಇಲ್ಲಿಗೆ ಬಂದೀವಿ. ಅಲ್ಲಿ ಇದು ಬರತೈತೇನ್ರಿ?”

“ಬರಬಹುದು,” ಎಂದೆ.

ಮತ್ತೆ ಮೊದಲಿಂದ ಬಿತ್ತಿದೆವು. ಈ ಸಲ ಅವಳೇ ಮಗ್ಗಿನಲ್ಲಿ ಅಳೆದು ಉಪ್ಪುನೀರು ಹಾಕುತ್ತ, “ಕುಡೀರಿ, ಗಟ್ಟಿ ಆಗ್ರಿ,” ಎಂದು ಸಸಿಗಳನ್ನು ಗದರುತ್ತಿದ್ದಳು. ನಾನು ನಗುತ್ತಿದ್ದೆ. ಭಾಳ ಒಳ್ಳೆಯ ದಿನಗಳವು.

ಕೆಲಸ ಮುಗಿದಾಗ ಅವಳು ಸೆರಗು ಒಡ್ಡಿ ನಿಂತಳು. “ಊರಿಗೆ ಹೊಂಟೀವ್ರಿ. ಆ ನೊರಿ ಬಂದ ಜೋಳ ಒಂದು ಹಿಡಿ ಕೊಡ್ರಿ.”

ರೈತರಿಗೆ ಇನ್ನೂ ಬಿಡುಗಡೆಯಾಗದ ತಳಿಯ ಬೀಜ ಸಂಸ್ಥೆಯಿಂದ ಹೊರಗೆ ಹೋಗುವಂತಿಲ್ಲ. ಬೀಜದ ಡಬ್ಬಿ ಮೇಜಿನ ಮೇಲೇ ಇತ್ತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಕೊಡಾಕ ಬರೂದಿಲ್ಲ ಅಕ್ಕಾ, ರೂಲ್ಸ್ ಐತಿ,” ಎಂದೆ.

“ಇರಲಿ ಬಿಡ್ರಿ, ನಿಮಗ ತ್ರಾಸ ಆಗಬಾರದು,” ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಆ ತಳಿ ಇನ್ನೂ ಯಾರ ಹೊಲಕ್ಕೂ ಬಂದಿಲ್ಲ. ನನ್ನ ಹೆಸರಿನ ಮುಂದೆ ಡಾಕ್ಟರ್ ಮಾತ್ರ ಬಂತು.