ದಾವಿತನ ಹೆಪ್ಪು

ನಿನ್ನೆ ಅಡುಗೆಮನೆಯ ಕಪಾಟು ತೆರವು ಮಾಡುತ್ತಿದ್ದ ನನ್ನ ಹೆಂಡತಿ, ಒಂದು ಪಿಂಗಾಣಿ ಭರಣಿಯನ್ನು ಆದಷ್ಟು ದೂರ ಹಿಡಿದುಕೊಂಡು ಬಂದಳು. "ಅತ್ತಿಯವರ ಭರಣಿ. ಇದನ್ನೂ ಚೆಲ್ಲಿ ತಿಕ್ಕಲೇನ್ರಿ?" ಹುಳಿ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಮುಖ ಸಿಂಡರಿಸುವಷ್ಟೇ ಕೆಲಸ. ನನಗೆ ಮಾತ್ರ ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು, ವಿದ್ಯಾನಗರದ ನಮ್ಮ ಹಳೆಯ ಮನೆ, ಎಲ್ಲ ಒಮ್ಮೆಗೇ ನೆನಪಾದವು.

ಆಗ ನಮ್ಮ ಮಾಳಿಗೆಯ ಕೋಣೆಯಲ್ಲಿ ದಾವಿತ್ ಎಂಬ ಇಥಿಯೋಪಿಯಾದ ಹುಡುಗ ಬಾಡಿಗೆಗಿದ್ದ. ಬಯೋಟೆಕ್ನಾಲಜಿ ಎಂ.ಎಸ್ಸಿ. ಓದಲು ದಿನಾ ಧಾರವಾಡದ ಬಸ್ಸು ಹಿಡಿಯುತ್ತಿದ್ದ. ಕನ್ನಡವನ್ನು ನಮ್ಮ ಅವ್ವನ ಅಡುಗೆಮನೆಯಲ್ಲಿ ಕಲಿತದ್ದರಿಂದ ಅದಕ್ಕೆ ನಮ್ಮದೇ ಧಾಟಿ ಬಂದಿತ್ತು. ಜೋಳದ ಹಿಟ್ಟು ಕಂಡ ದಿನ ತನ್ನ ಊರಿನವರೇ ಸಿಕ್ಕಂತೆ ಹಿಗ್ಗಿದ. ಆದರೆ ಅವನು ಅದನ್ನು ಕಲಸಿ, ದಿನಗಟ್ಟಲೆ ಹುಳಿಗೆ ಬಿಟ್ಟು, ಮೈತುಂಬ ತೂತಿರುವ ದೋಸೆಯಂಥದ್ದನ್ನು ಹೊಯ್ಯುತ್ತಿದ್ದ. ಬಿಸಿನೀರಲ್ಲಿ ನಾದಿ ಆಗಿಂದಾಗಲೇ ರೊಟ್ಟಿ ಬಡಿಯುವ ಅವ್ವನಿಗೆ, ಇದು ಹಿಟ್ಟಿಗೆ ಮಾಡುವ ಅನ್ಯಾಯವೆನಿಸುತ್ತಿತ್ತು.

ಎರಡನೇ ವರ್ಷಕ್ಕೆ ಅವನು ಒಂದು ವಿಶೇಷ ವಿಷಯ ಆರಿಸಬೇಕಿತ್ತು: ರೋಗಗಳದ್ದು, ಸಸ್ಯಗಳದ್ದು, ಇಲ್ಲವೇ ಹಿಟ್ಟು ಹಾಲುಗಳು ಹುಳಿಯಾಗುತ್ತವಲ್ಲ, ಆ ಹುದುಗುವಿಕೆಯದ್ದು. ಮೊದಲ ವರ್ಷದಲ್ಲೇ ಅವನ ತಾಯಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಊರಿಗೆ ಹೋಗಲೂ ಆಗಿರಲಿಲ್ಲ. ಅದಕ್ಕೇ ಅವನ ತಂದೆ ರೋಗದ ವಿಭಾಗವನ್ನೇ ತೆಗೆದುಕೋ ಎಂದು ಫೋನಿನಲ್ಲಿ ಹಟ ಹಿಡಿದಿದ್ದರು. ನಮ್ಮ ಅಪ್ಪನದೂ ಅದೇ ಪಾಠ. ಬಿ.ಕಾಂ. ಅನ್ನೇ ತೆವಳಿಕೊಂಡು ಮುಗಿಸಿದ ನಾನೂ ಕಟ್ಟೆಯ ಮೇಲೆ ಕೂತು, "ಸಸ್ಯದ ಲೈನ್ ಛಲೋ ಐತಿ ನೋಡೋ" ಎಂದು ಗಂಭೀರವಾಗಿ ಹೇಳಿದ್ದುಂಟು. ಚಹಾದ ಜೊತೆ ಸಲಹೆಯನ್ನೂ ಕೊಡದಿದ್ದರೆ ನಾವೆಂಥ ಮನೆಮಾಲೀಕರು, ನೀವೇ ಹೇಳಿ. ದಾವಿತ್ ಎಲ್ಲರಿಗೂ "ಹೂನ್ರಿ" ಎನ್ನುತ್ತಿದ್ದ.

ಅಷ್ಟರಲ್ಲಿ ದಸರೆ ಬಂತು. ಹಬ್ಬಕ್ಕೆ ಮೊದಲು ಮನೆಯ ಪಾತ್ರೆಯೆಲ್ಲ ತಿಕ್ಕುವುದು ನಮ್ಮಲ್ಲಿ ಪದ್ಧತಿ. ಅವ್ವ ದಾವಿತನ ಮೇಲಿನ ಅಕ್ಕರೆಯಿಂದ, ಅವನಿಲ್ಲದಾಗ ಅವನ ಪಾತ್ರೆಗಳನ್ನೂ ಇಳಿಸಿ ತಂದು ಫಳಫಳ ತಿಕ್ಕಿಟ್ಟಳು. ಸಂಜೆ ಬಂದ ದಾವಿತ್ ಖಾಲಿ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಹಳಸಿತ್ತೋ ತಮ್ಮಾ. ಚೆಲ್ಲಿ ತಿಕ್ಕೀನಿ," ಎಂದಳು ಅವ್ವ.

"ಹಳಸಿದ್ದಲ್ರಿ ಅವ್ವಾರ. ಅದು ಹೆಪ್ಪು. ನಾ ಬರೂವಾಗ ನಮ್ಮ ಅವ್ವ ಒಣಗಿಸಿ ಕಟ್ಟಿಕೊಟ್ಟಿದ್ದು. ಪ್ರತಿ ಸಲ ಒಂದೀಟು ಉಳಿಸಿ ಇಡ್ತಿದ್ನಿ."

ಅವ್ವನ ಮುಖ ಇಳಿಯಿತು. ಹೆಪ್ಪು ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪರವೂರಿಗೆ ಹೊರಟರೆ ಮೊಸರಿನ ಹೆಪ್ಪನ್ನು ಪಕ್ಕದ ಮನೆಯವರಿಗೆ ಕೂಸಿನಂತೆ ಒಪ್ಪಿಸಿ ಹೋಗುವವಳು ಅವಳು. ಹಿತ್ತಲಿಗೆ ಓಡಿದಳು. ಡಬ್ಬಿಯ ಬಾಯಿಗೆ ಕಟ್ಟಿದ್ದ ಅರಿವೆ ಇನ್ನೂ ಒಗೆಯದೆ ಬಿದ್ದಿತ್ತು; ಅಂಚಿಗೆ ಹಿಟ್ಟು ಅಂಟಿ ಒಣಗಿತ್ತು. "ಇದರಾಗ ಏನರ ಉಳದೈತೇನ್ ನೋಡಪಾ," ಎಂದು ತಂದು ಅವನ ಕೈಗಿಟ್ಟಳು.

ಅವನು ಆ ಚೂರುಗಳನ್ನು ಕೆರೆದು ಹೊಸ ಜೋಳದ ಹಿಟ್ಟಿಗೆ ಬೆರೆಸಿದ. ಹಬ್ಬ ಮುಗಿಯುವ ಹೊತ್ತಿಗೆ ಗುಳ್ಳೆ ಎದ್ದವು. ಅವ್ವ ದೇವರಿಗೆ ಕೈಮುಗಿದಳು. ದಾವಿತ್ ಮೂಸಿ ನೋಡಿದ.

"ವಾಸನಿ ಬ್ಯಾರೇ ಆಗೇತ್ರಿ. ಇಲ್ಲಿ ಗಾಳಿ, ಇಲ್ಲಿ ಹಿಟ್ಟು, ನಿಮ್ಮ ಕೈ... ಎಲ್ಲಾದರಿಂದ ಹೊಸಾ ಜೀವ ಸೇರ್ಯಾವು."

"ಮತ್ತ ನಿಮ್ಮವ್ವಂದು ಎಷ್ಟು ಉಳದೈತಿ?"

ಅವನು ಮತ್ತೊಮ್ಮೆ ಮೂಸಿದ. "ಗೊತ್ತಿಲ್ರಿ. ಅದನ್ನ ಓದಬೇಕು."

ಮರುದಿನ ಹುದುಗುವಿಕೆಯ ವಿಭಾಗಕ್ಕೆ ಹೆಸರು ಕೊಟ್ಟು ಬಂದ. ಅವನ ತಂದೆ ಆ ವರ್ಷವಿಡೀ ಫೋನಿನಲ್ಲಿ ಹೂಂ, ಊಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ನಮ್ಮ ಅಪ್ಪ, "ಇಷ್ಟ ದೂರ ಬಂದು ದ್ವಾಸಿಹಿಟ್ಟು ಹುಳಿಸೂದು ಕಲೀತಾನಂತ!" ಎಂದು ಹಣೆ ಬಡಿದುಕೊಂಡರು.

ಓದು ಮುಗಿಸಿ ಹೊರಟಾಗ ದಾವಿತ್ ಅರ್ಧ ಹೆಪ್ಪನ್ನು ಈ ಭರಣಿಯಲ್ಲಿ ಅವ್ವನಿಗೆ ಬಿಟ್ಟುಹೋದ. ಅವಳು ಅದರಿಂದ ಏನನ್ನೂ ಮಾಡಿ ತಿಂದವಳಲ್ಲ. ಆದರೂ ವಾರಕ್ಕೊಮ್ಮೆ ಒಂದಿಷ್ಟು ತೆಗೆದು, ಒಂದು ಹಿಡಿ ಹೊಸ ಹಿಟ್ಟು ಕಲಸಿ, "ಆ ಹುಡುಗನ ಅವ್ವಂದು" ಎಂದು ಮುಚ್ಚಿಡುತ್ತಿದ್ದಳು. ನನಗೆ ನಗು ಬರುತ್ತಿತ್ತು.

ಅವ್ವ ತೀರಿಹೋಗಿ ತಿಂಗಳಾಯಿತು. ನಿನ್ನೆ ಭರಣಿಯನ್ನು ಹೆಂಡತಿಯ ಕೈಯಿಂದ ಇಸಿದುಕೊಂಡು, "ತಿಕ್ಕಬ್ಯಾಡ" ಎಂದೆ. ಹಿಟ್ಟಿನ ಡಬ್ಬಿ ಎಲ್ಲಿದೆಯೆಂದು ಕೇಳಿ ಬೈಸಿಕೊಂಡೆ. ಒಂದು ಹಿಡಿ ಹಾಕಿ, ನೀರು ಬಿಟ್ಟು ಕೈಯಿಂದಲೇ ಕಲಸಿಟ್ಟೆ. ಇವತ್ತು ಬೆಳಗ್ಗೆ ಮುಚ್ಚಳ ತೆಗೆದರೆ ಒಂದು ಗುಳ್ಳೆ ಎದ್ದಿತ್ತು. ಮೂಸಿದೆ. ದಾವಿತನ ಅವ್ವನದು ಅದರಲ್ಲಿ ಎಷ್ಟು ಉಳಿದಿದೆಯೋ ನನಗೆ ಗೊತ್ತಿಲ್ಲ. ನಮ್ಮ ಅವ್ವನದು ಇದೆ.