ನಾತ ಹೋಯಿತೆಂದು ಅಣ್ಣ ಹೇಳಿದ ಮಧ್ಯಾಹ್ನ

ಅಣ್ಣ ಗಲ್ಫಿನಲ್ಲಿ ಶ್ರೀಮಂತರ ಹಾಯಿದೋಣಿಗಳಲ್ಲಿ ದುಡಿದವನು. ಊರಿಗೆ ಮರಳುವಾಗ ಗೋವಾದಲ್ಲಿ ಹಳೆಯದೊಂದು ಹಾಯಿದೋಣಿ ಕೊಂಡು ತಂದು ಗಂಗೊಳ್ಳಿಯ ಹೊಳೆಯಲ್ಲಿ ಲಂಗರು ಹಾಕಿದ. ಒಳಗೆ ಮಲಗಲು ಮಂಚ, ಸಣ್ಣ ಒಲೆ, ಮೂಲೆಯಲ್ಲೊಂದು ಶೌಚಾಲಯ. ನಮ್ಮ ಮೀನುದೋಣಿಗಳಲ್ಲಿ ಇಲ್ಲದ ಸೌಕರ್ಯವೆಂದು ಬಂದವರಿಗೆಲ್ಲ ಅವನು ಮೊದಲು ಅದನ್ನೇ ತೋರಿಸುತ್ತಿದ್ದ.

ಮಳೆಗಾಲವಿಡೀ ದೋಣಿ ಟಾರ್ಪಾಲಿನಡಿ ಮುಚ್ಚಿಕೊಂಡಿತ್ತು. ಮಳೆ ಬಿಟ್ಟ ಮೇಲೆ ಅಮ್ಮನನ್ನು ಕರೆದುಕೊಂಡು ಹೋದೆವು. ವಂಡ್ಸೆಯ ತನಕ ಬುಟ್ಟಿ ಹೊತ್ತು ಮೀನು ಮಾರಿದವಳು ನಮ್ಮಮ್ಮ, ವಾಸನೆಗೆ ಹೆದರುವವಳಲ್ಲ. ಒಳಗಿಳಿದವಳೇ ಸೆರಗಲ್ಲಿ ಮೂಗು ಮುಚ್ಚಿಕೊಂಡು ಮೇಲೆ ಬಂದಳು.

"ಇದ್ರೊಳ್ಗೆ ಎಂತ ಸತ್ತಿತ್ ಮಗಾ?"

ಅಣ್ಣನ ಮುಖ ಸಣ್ಣದಾಯಿತು.

ಅಂದಿನಿಂದ ಅವನಿಗೆ ಅದೇ ಧ್ಯಾನ. ಫಿನಾಯಿಲ್ ಸುರಿದ, ಅಗರಬತ್ತಿ ಹಚ್ಚಿದ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಶೌಚಾಲಯದ ಕೊಳವೆಗಳನ್ನು ಒಂದೊಂದಾಗಿ ಒರೆಸಿ, ಬಟ್ಟೆ ಮೂಸಿ ನೋಡಿ, ನಾತ ಹಿಡಿದದ್ದನ್ನೆಲ್ಲ ಬದಲಾಯಿಸಿದ. ವಾಸನೆ ಹೋಗಲಿಲ್ಲ. ಉಳಿದದ್ದು ದೋಣಿಯ ಮುಂಭಾಗದ ಮಂಚದ ಕೆಳಗಿದ್ದ, ಶೌಚಾಲಯದ ಮಲ ಸೇರುವ ಟ್ಯಾಂಕ್ ಒಂದೇ.

ಅವನ ತಂಗಿ ನಾನಿರುವುದು ಬ್ರಹ್ಮಾವರದಲ್ಲಿ. ಆ ಭಾನುವಾರ ಅವನಿಗೆ ಕೈಜೋಡಿಸಲು ಹೋಗಿದ್ದೆ. ಮಧ್ಯಾಹ್ನದ ಬಿಸಿಲು, ಗಾಳಿಯ ಸುಳಿವಿಲ್ಲ. ಅಣ್ಣ ಮಂಚದ ಹಲಗೆ ತೆಗೆದು ಬೋರಲಾಗಿ ಮಲಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಬುಸ್ಸೆಂದು ಗಾಳಿ ಹೊರನುಗ್ಗಿತು. ಕೊಳೆತ ಮೊಟ್ಟೆಯಂಥ ನಾತ. ನಾನು ಓಡಿ ಮೇಲೆ ಬಂದು ಹೊಳೆಗೆ ವಾಂತಿ ಮಾಡಿದೆ.

"ಮೇಲ್ ಬಾ ಅಣ್ಣಾ!"

"ಎಂತ ಆತಿಲ್ಲೆ, ನೀ ಅಲ್ಲೇ ಇರ್."

ಸ್ವಲ್ಪ ಹೊತ್ತಿಗೆ ಒಳಗಿಂದ ಖುಷಿಯ ದನಿ ಬಂತು. "ಹೆಣೆ, ವಾಸ್ನಿ ಹೋಯ್ತ್ ಕಾಣ್!"

ಹೊರಗೆ ಕೂತ ನನ್ನ ಮೂಗಿಗೇ ನಾತ ಹೊಡೆಯುತ್ತಿರುವಾಗ ಟ್ಯಾಂಕಿನ ಬಾಯಲ್ಲಿ ಮುಖ ಇಟ್ಟವನಿಗೆ ಹೇಗೆ ಹೋಯಿತು?

"ಅಣ್ಣಾ!" ಬಾಗಿಲಿಗೆ ಬಗ್ಗಿ ಕೂಗಿದೆ. "ಹ್ವಾಯ್, ಅಣ್ಣಾ!" ಏನೋ ಬಿದ್ದ ಸದ್ದಾಯಿತು, ಅಷ್ಟೇ.

ಚಿಕ್ಕಂದಿನಲ್ಲಿ ಹೊಳೆಯಲ್ಲಿ ಮುಳುಗುತ್ತಿದ್ದಂತೆ ಎದೆ ತುಂಬ ಉಸಿರು ಕಟ್ಟಿ ಒಳಗಿಳಿದೆ. ಅವನ ಎರಡೂ ಕಾಲು ಹಿಡಿದು ಎಳೆದೆ. ಮಂಚದ ಸಂದಿಯಿಂದ ಜಾರಿ ಬಂದ, ಆದರೆ ಮೆಟ್ಟಿಲು ಹತ್ತಿಸುವ ಶಕ್ತಿ ನನಗಿರಲಿಲ್ಲ. ಉಸಿರು ಮುಗಿಯಿತು. ಅವನನ್ನು ಅಲ್ಲೇ ಬಿಟ್ಟು ಮೇಲೆ ಬಂದೆ. ದೋಣಿಯ ಮುಂಭಾಗದಲ್ಲಿ ಮೇಲಿನಿಂದ ತೆರೆಯುವ ಕಿಂಡಿಯೊಂದಿತ್ತು. ಬಣ್ಣ ಬಳಿದು ಅಂಟಿಹೋಗಿತ್ತು. ಒಳಗೆ ಗಾಳಿ ಹೋಗಲೆಂದು ಸಿಕ್ಕಿದ ಕಬ್ಬಿಣದ ಸರಳಿನಿಂದ ಹೊಡೆದೆ, ಬೈದೆ, ಅತ್ತೆ, ಮತ್ತೆ ಹೊಡೆದೆ. ಕಿಂಡಿ ಕಿತ್ತು ಬಂತು. ಅಳಿವೆಯ ಕಡೆ ಹೊರಟಿದ್ದ ಮೀನುದೋಣಿಯವನನ್ನು ಕೂಗಿದೆ. ಅವನು ಬಂದವನೇ ಒಳಗೆ ನುಗ್ಗಲು ಹೊರಟಾಗ ಅಂಗಿ ಹಿಡಿದು ನಿಲ್ಲಿಸಿದೆ.

"ಉಸ್ರ್ ಕಟ್ಟಿ ಇಳಿ! ಒಳ್ಗ್ ಗ್ಯಾಸ್ ಇತ್ತ್!"

ಇಬ್ಬರೂ ಸೇರಿ ಅವನನ್ನು ಮೇಲಕ್ಕೆ ಎಳೆದು ಹಾಕಿದೆವು. ಅಣ್ಣನ ತುಟಿ ನೀಲಿಯಾಗಿತ್ತು. ಅಲುಗಾಡಿಸಿದೆ, ಕೆನ್ನೆಗೆ ಹೊಡೆದೆ. ಕೊನೆಗೊಮ್ಮೆ ಕೆಮ್ಮಿದ. ಅಷ್ಟು ಚಂದದ ಕೆಮ್ಮನ್ನು ನಾನು ಕೇಳಿಲ್ಲ.

ಆ ಗ್ಯಾಸು ಹೆಚ್ಚಾದರೆ ಮೊದಲು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು ಎಂದರು ಕುಂದಾಪುರದ ಆಸ್ಪತ್ರೆಯ ಡಾಕ್ಟರು. ಅಮ್ಮ ಅವನ ತಲೆ ಸವರುತ್ತಲೇ ಇದ್ದಳು. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು.

ಕಾರಣ ಕೊನೆಗೂ ಸಿಕ್ಕಿತು. ಟ್ಯಾಂಕಿನ ಗಾಳಿ ಹೊರಹೋಗಲು ದೋಣಿಯ ಮಗ್ಗುಲ ಗೋಡೆಯಲ್ಲೊಂದು ಬೆರಳುಗಾತ್ರದ ತೂತಿತ್ತು. ಮಳೆಗಾಲದಲ್ಲಿ ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟಿತ್ತು. ಗಾಳಿಯಿಲ್ಲದೆ ಎಲ್ಲ ಒಳಗೇ ಕೊಳೆತು ಗ್ಯಾಸು ತುಂಬಿತ್ತು. ತಂತಿಯಿಂದ ಗೂಡು ಕೆರೆದು ತೆಗೆದು, ತೂತಿಗೆ ಬಲೆ ಕಟ್ಟಿದೆವು. ದೋಣಿಯನ್ನು ದಡಕ್ಕೆ ತಂದು, ಕಿಂಡಿಗಳನ್ನೆಲ್ಲ ತೆರೆದು, ದೊಡ್ಡ ಫ್ಯಾನು ಹಚ್ಚಿಟ್ಟು ಟ್ಯಾಂಕ್ ಖಾಲಿ ಮಾಡಿಸಿದ ಮೇಲೆ ನಾತ ನಿಜವಾಗಿಯೂ ಹೋಯಿತು.

ಈಗಲೂ ಅವನು ಒಳಗಿಳಿದು ತೊಳೆಯುವಾಗ ನಾನು ಮೇಲೆ ಕೂತು ಅವನನ್ನು ಮಾತಾಡಿಸುತ್ತಲೇ ಇರುತ್ತೇನೆ. ಒಂದು ಗಳಿಗೆ ದನಿ ನಿಂತರೂ ಕೂಗುತ್ತೇನೆ.

"ಇದ್ದೆ ಮಾರಾಯ್ತಿ, ಇದ್ದೆ!" ಎಂದು ಸಿಡುಕುತ್ತಾನೆ. ಸಿಡುಕಲಿ.