ಹಾಳೆ ತುಂಬ ಆಳಂದ

…ನಾನೂ ನಕ್ಕೆ ಎಂದೇ ಮೊದಲು ಬರೆದಿದ್ದೆ, ಹೊಡೆದುಹಾಕಿದೆ, ಈಗ ಮತ್ತೆ ಬರೆಯುತ್ತಿದ್ದೇನೆ. ಬಹುಶಃ ನಕ್ಕಿರಲಿಲ್ಲ. ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಗೋದಾಮಿದ್ದ ತೊಗರಿ ವ್ಯಾಪಾರದ ಸಾಹುಕಾರರೊಬ್ಬರಿಗೆ ಸರ್ವರ್ ಕೂಡಿಸಿಕೊಟ್ಟಿದ್ದೆ. ರೈತರ ತೂಕದ ಸರದಿ ಅದರಲ್ಲಿ ದಾಖಲಾಗುತ್ತಿತ್ತು. ಮೂರೂ ಊರಿನ ಕಂಪ್ಯೂಟರುಗಳು ಸರ್ವರ್ ಅನ್ನು ನೇರವಾಗಿ ಮುಟ್ಟುತ್ತಿರಲಿಲ್ಲ. ಆಳಂದದ ಆಫೀಸಿನಲ್ಲಿಟ್ಟ ರಿವರ್ಸ್ ಪ್ರಾಕ್ಸಿ ಎಂಬ ನಡುವಿನ ಯಂತ್ರ ಎಲ್ಲರ ಕೋರಿಕೆಯನ್ನೂ ಬಾಗಿಲಲ್ಲೇ ಇಸಿದುಕೊಂಡು ಒಳಗೆ ದಾಟಿಸುತ್ತಿತ್ತು. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಹಾಗಾಗಿ ಬದಲಾವಣೆ ಯಾವ ಊರಿನಿಂದ ಬಂತು ಎಂದು ಲಾಗ್ ಎಂಬ ದಾಖಲೆಪಟ್ಟಿ ಬರೆದಿಡುವ ವ್ಯವಸ್ಥೆ ಮಾಡಿದ್ದೆ.

ಒಮ್ಮೆ ಖಜೂರಿ ಊರಿನ ರೈತರ ಸರದಿಯನ್ನು ಯಾರೋ ಹಿಂದಕ್ಕೆ ತಳ್ಳಿದರು. ಟ್ರ್ಯಾಕ್ಟರುಗಳು ಎರಡು ದಿನ ನಿಂತವು, ಗಲಾಟೆಯಾಯಿತು. ಸಾಹುಕಾರರು ಲಾಗ್ ಕೇಳಿದರು, ಪ್ರಿಂಟ್ ತೆಗೆದು ಕೊಟ್ಟೆ. ಬದಲಾವಣೆಯ ಎದುರು ಆಳಂದ ಎಂದಿತ್ತು. ಆಳಂದದ ಕಂಪ್ಯೂಟರ್ ಮುಂದೆ ಕೂಡುತ್ತಿದ್ದದ್ದು ಒಬ್ಬರೇ ಹೆಂಗಸು. ನಾವೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು.

“ನಾ ಮಾಡಿಲ್ರಿ,” ಎಂದರು ಆಪಾ.

“ಮಷಿನ್ ಸುಳ್ಳ ಹೇಳ್ತದೇನ ಬೇ?” ಎಂದರು ಸಾಹುಕಾರರು.

ಆಪಾ ಹಾಳೆ ತಿರುವಿ ನನ್ನತ್ತ ಹಿಡಿದರು. “ಇದೇನ್ರಿ, ಹಾಳಿ ತುಂಬ ಆಳಂದನೇ ಅದ. ಅಫಜಲಪುರ, ಜೇವರ್ಗಿ ಮಂದಿ ದಿನಾ ಕೆಲಸಕ್ಕ ಬಂದು ಬರೇ ಮಲ್ಕೊಂಡು ಹೋಗ್ತಾರೇನ್ರಿ?”

ಸಾಹುಕಾರರು ನಕ್ಕರು. ನಾನೂ ನಕ್ಕೆ.

“ನಗಿ-ಚಾಷ್ಟಿ ಸಾಕು. ನಾಳಿಂದ ಬರಬ್ಯಾಡ,” ಎಂದು ಆಪಾರಿಗೆ ಹೇಳಿದರು ಸಾಹುಕಾರರು.

ವಾರದ ನಂತರ ಬೇರೆ ಕೆಲಸಕ್ಕೆ ಜೇವರ್ಗಿಗೆ ಹೋಗಿದ್ದೆ. ಅಲ್ಲಿಂದ ಒಂದು ಸರದಿ ತಿದ್ದಿ ಲಾಗ್ ನೋಡಿದೆ. ಆಳಂದ. ಸರ್ವರ್‌ಗೆ ಕಾಣುತ್ತಿದ್ದದ್ದು ಕೋರಿಕೆ ದಾಟಿಸಿದ ಆಳಂದದ ಪ್ರಾಕ್ಸಿ ಮಾತ್ರ, ಅದರ ಹಿಂದಿದ್ದವರಲ್ಲ. ಮೂಲ ವಿಳಾಸವನ್ನು ಮುಂದಕ್ಕೆ ಕಳಿಸು ಎಂದು ಪ್ರಾಕ್ಸಿಗೆ ಒಂದು ಸಾಲು, ಅದನ್ನೇ ಬರೆದುಕೊ ಎಂದು ಲಾಗ್‌ಗೆ ಇನ್ನೊಂದು. ಎರಡನ್ನೂ ನಾನು ಹಾಕಿರಲಿಲ್ಲ. ನಿಂತಲ್ಲೇ ಹಾಕಿದೆ, ಐದು ನಿಮಿಷ ಹಿಡಿಯಲಿಲ್ಲ. ಹಳೆಯ ನಮೂದುಗಳನ್ನು ತಿದ್ದುವಂತಿರಲಿಲ್ಲ, ನಿಜವಾದ ವಿಳಾಸ ಎಲ್ಲಿಯೂ ದಾಖಲಾಗಿರಲೇ ಇಲ್ಲ.

ಲಾಗ್ ತಪ್ಪಿತ್ತು ಎಂದು ಫೋನಿನಲ್ಲಿ ಸಾಹುಕಾರರಿಗೆ ಹೇಳಿದೆ. “ಈಗ ಸರಿ ಆತಲ್ಲ, ಬಿಡ್ರಿ. ಆ ಕುರ್ಚಿಗಿ ಬ್ಯಾರೆಯವರು ಬಂದಾರ,” ಎಂದರು. ಬಿಟ್ಟೆ. ಆಪಾರ ಮನೆ ನನಗೆ ಗೊತ್ತಿತ್ತು, ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. ಹೋಗಲಿಲ್ಲ. ಅವರಿಲ್ಲದ ಆಫೀಸಿಗೆ ಮಾತ್ರ ಇನ್ನೂ ಎರಡು ಸುಗ್ಗಿ ಹೋದೆ. ನನ್ನ ಲಾಗ್ ಈಗ ಬಲು ಚೊಕ್ಕ ಎಂದು ಅಲ್ಲಿ ಹೊಗಳಿದರು.

ಸರದಿ ತಳ್ಳಿದವರು ಯಾರು ಎಂದು ನನಗೆ ಗೊತ್ತಿಲ್ಲ. ಆಪಾ ಹಾಳೆ ಹಿಡಿದು ತೋರಿಸಿದಾಗ ತಪ್ಪು ನನ್ನದೆಂದು ಆಗಲೇ ಹೊಳೆದಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.